‘ಬಂಕಂ’ ಎಲ್ಲಿಂದ ಬಂತು? ಪದೇ ಪದೇ ಕೇಳುವ ಪ್ರಶ್ನೆಗಳು

‘ಬಂಕಂ’ ಅಂದರೆ ಏನು?

ಹುರುಳಿಲ್ಲದ ಮಾತು, ಬುರುಡೆ. ಇಂಗ್ಲಿಷಿನ ಆಡುಮಾತಿನಲ್ಲಿ ‘ಅದೆಲ್ಲ ಬಂಕಂ’ ಅಂದರೆ ‘ಅದೆಲ್ಲ ಬರೀ ಬೊಗಳೆ’ ಎಂದ ಹಾಗೆ. ಮೊದಲು ಇದನ್ನು ರಾಜಕಾರಣಿಗಳ ಭಾಷಣಕ್ಕೆ ಮಾತ್ರ ಅನ್ನುತ್ತಿದ್ದರು: ಎದುರಿಗೆ ಕೂತವರಿಗಲ್ಲ, ದೂರದ ಊರಿನ ಮತದಾರರಿಗೆ ಕೇಳಲಿ ಅಂತ ಆಡುವ ಮಾತು. ಆಮೇಲೆ ಅರ್ಥ ಹಿಗ್ಗಿ ಯಾವ ಅಸಂಬದ್ಧಕ್ಕಾದರೂ ಸಲ್ಲತೊಡಗಿತು. ಇದರ ಮೊಟಕು ರೂಪ ‘ಬಂಕ್’. ಅದರಿಂದ ಹುಟ್ಟಿದ್ದು ‘ಡಿಬಂಕ್’, ಅಂದರೆ ಬುರುಡೆಯನ್ನು ಬಯಲಿಗೆಳೆಯುವುದು.

ಈ ಪದ ಒಂದು ಊರಿನ ಹೆಸರಂತೆ, ನಿಜವೇ?

ಊರಲ್ಲ, ಕೌಂಟಿ. ನಮ್ಮ ಜಿಲ್ಲೆಗೆ ಹತ್ತಿರದ ಆಡಳಿತ ಘಟಕ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಪಶ್ಚಿಮಕ್ಕೆ, ಬ್ಲೂ ರಿಜ್ ಬೆಟ್ಟಗಳ ನಡುವೆ ಬಂಕಂ ಕೌಂಟಿ ಇದೆ. ಅದರ ಮುಖ್ಯಪಟ್ಟಣ ಆಶ್‌ವಿಲ್. ಕೌಂಟಿ ರಚನೆಗೆ 1791ರಲ್ಲಿ ಒಪ್ಪಿಗೆ ಸಿಕ್ಕಿತು. ಆಗ ಅದು ಈಗಿಗಿಂತ ಎಷ್ಟೋ ದೊಡ್ಡದಿತ್ತು. ಆಮೇಲೆ ಅದನ್ನು ಒಡೆದು ಹಲವು ಕೌಂಟಿಗಳನ್ನು ಮಾಡಿದರು. ಅಲ್ಲಿನ ಜನ ಇಂದಿಗೂ ವಿಳಾಸದಲ್ಲಿ ಆ ಹೆಸರನ್ನು ಸಲೀಸಾಗಿ ಬರೆದುಕೊಳ್ಳುತ್ತಾರೆ. ನಿಘಂಟಿನಲ್ಲಿ ಅದಕ್ಕೆ ಬಂದ ಗತಿಗೆ ಅವರೇನೂ ಕಾರಣರಲ್ಲ.

ಹಾಗಾದರೆ ಕಾರಣ ಯಾರು? 1820ರ ಫೆಬ್ರುವರಿ 25ರಂದು ಏನಾಯಿತು?

ಕಾರಣ ಫೀಲಿಕ್ಸ್ ವಾಕರ್. 1753ರಲ್ಲಿ ಹುಟ್ಟಿದ ಈತ ಹರೆಯದಲ್ಲಿ ಹೆಸರಾಂತ ಅನ್ವೇಷಕ ಡೇನಿಯಲ್ ಬೂನ್ ಜತೆ ಕೆಂಟಕಿಯ ಕಾಡು ಹೊಕ್ಕು ಬಂದವನು. 1817ರಿಂದ 1823ರವರೆಗೆ ಅಮೆರಿಕದ ಪ್ರತಿನಿಧಿ ಸಭೆಯ ಸದಸ್ಯ. ಬಂಕಂ ಕೌಂಟಿ ಅವನ ಕ್ಷೇತ್ರಕ್ಕೆ ಸೇರಿತ್ತು. ಮಾತು ಶುರು ಮಾಡಿದರೆ ನಿಲ್ಲುತ್ತಿರಲಿಲ್ಲವೆಂದು ಅವನಿಗೆ ‘ಹಳೇ ಎಣ್ಣೆ ಜಾಡಿ’ ಎಂಬ ಅಡ್ಡಹೆಸರೂ ಬಿದ್ದಿತ್ತು.

ಆ ದಿನ ಸದನದಲ್ಲಿ ಮಿಸೌರಿ ಪ್ರಶ್ನೆ ನಡೆಯುತ್ತಿತ್ತು. ಮಿಸೌರಿಯನ್ನು ಒಕ್ಕೂಟಕ್ಕೆ ಸೇರಿಸಿಕೊಳ್ಳುವಾಗ ಅಲ್ಲಿ ಗುಲಾಮಗಿರಿಗೆ ಅವಕಾಶ ಕೊಡಬೇಕೇ ಬೇಡವೇ ಎಂಬ ಚರ್ಚೆ ಅದು. ಎಷ್ಟೋ ದಿನಗಳಿಂದ ಎಳೆದಾಡಿ ಎಲ್ಲರೂ ಸುಸ್ತಾಗಿದ್ದರು, ಮತಕ್ಕೆ ಹಾಕಿದರೆ ಸಾಕಪ್ಪಾ ಎಂಬಂತಿತ್ತು. ಆ ಹೊತ್ತಿಗೆ ವಾಕರ್ ಎದ್ದು ನಿಂತ. ‘ಮತಕ್ಕೆ ಹಾಕಿ, ಮತಕ್ಕೆ ಹಾಕಿ’ ಎಂದು ಸದನ ಗದ್ದಲ ಎಬ್ಬಿಸಿತು. ಕೂರಪ್ಪಾ ಎಂದ ಜತೆಗಾರರಿಗೆ ವಾಕರ್, ತನ್ನ ಜನ ತನ್ನಿಂದ ಒಂದು ಭಾಷಣ ಎದುರು ನೋಡುತ್ತಿದ್ದಾರೆ, ತಾನು ಸದನಕ್ಕಲ್ಲ, ‘ಬಂಕಂಗಾಗಿ’ ಮಾತಾಡಲೇಬೇಕು ಎಂಬರ್ಥದಲ್ಲಿ ಉತ್ತರಿಸಿದನಂತೆ.

ಇಲ್ಲಿ ಹಲವರು ಎಡವುತ್ತಾರೆ. ‘ವಾಕರ್ ಗಂಟೆಗಟ್ಟಲೆ ಕೊರೆದ, ಅದಕ್ಕೇ ಕೊರೆತಕ್ಕೆ ಬಂಕಂ ಎಂಬ ಹೆಸರಾಯಿತು’ ಎಂದು ಬರೆಯುವುದು ವಾಡಿಕೆ. ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಕಲಾಪ ದಾಖಲೆ ಹೇಳುವುದು ಇದಕ್ಕೆ ಉಲ್ಟಾ: ಗದ್ದಲ ಎಷ್ಟಿತ್ತೆಂದರೆ, ಕಲಾಪ ಮುಗಿಸೋಣ ಎಂಬ ಒಂದು ಸೂಚನೆ ಮಂಡಿಸುವುದನ್ನು ಬಿಟ್ಟು ಅವನಿಗೆ ಮುಂದಕ್ಕೆ ಹೋಗಲಾಗಲಿಲ್ಲ. ಅಂದರೆ ಇಂಗ್ಲಿಷಿಗೆ ಈ ಪದ ಕೊಟ್ಟ ಭಾಷಣವನ್ನು ಆ ದಿನ ಯಾರೂ ಕೇಳಲೇ ಇಲ್ಲ. ಅದು ಆಮೇಲೆ ಪತ್ರಿಕೆಯಲ್ಲಿ ಅಚ್ಚಾಯಿತು.

ಇನ್ನೊಂದು ಮಾತು. ಕಥೆ ತಮಾಷೆಯದು, ವಿಷಯ ತಮಾಷೆಯದಲ್ಲ. ಮುಂದಿನ ವಾರ, ಮಾರ್ಚ್ 2ರಂದು, ಮಿಸೌರಿಯಲ್ಲಿ ಗುಲಾಮಗಿರಿ ತಡೆಯುವ ಷರತ್ತನ್ನು ಸದನ 90–87 ಮತಗಳಿಂದ ಕೈಬಿಟ್ಟಿತು. ಮೂರೇ ಮೂರು ಮತದ ಅಂತರ.

ವಾಕರ್ ಆ ಮಾತು ಆಡಿದ್ದಕ್ಕೆ ದಾಖಲೆ ಉಂಟೇ?

ಎರಡು ಸಂಗತಿಗಳನ್ನು ಬೇರೆಬೇರೆ ಇಟ್ಟುಕೊಳ್ಳಬೇಕು. ವಾಕರ್ ಎದ್ದದ್ದು, ಸದನ ಕೂಗಿ ಕೂರಿಸಿದ್ದು ಕಲಾಪ ದಾಖಲೆಯಲ್ಲಿದೆ. ‘ಬಂಕಂಗಾಗಿ ಮಾತಾಡುತ್ತೇನೆ’ ಎಂಬ ಮಾತು ಅಲ್ಲಿ ಇಲ್ಲ. ಆ ಮಾತು ನಮಗೆ ಸಿಗುವುದು ಮುಂದಿನವರು ಬರೆದಿಟ್ಟ ಕಥನಗಳಲ್ಲಿ.

ಆದರೂ ಕಥೆಯನ್ನು ದಂತಕಥೆ ಎಂದು ತಳ್ಳಿಹಾಕುವ ಹಾಗಿಲ್ಲ. ಬಾಲ್ಟಿಮೋರಿನ ವಾರಪತ್ರಿಕೆ ‘ನೈಲ್ಸ್ ರಿಜಿಸ್ಟರ್’ 1828ರಲ್ಲೇ ‘ಬಂಕಂಗೆ ಮಾತಾಡುವುದು’ ಎಂಬ ನುಡಿಗಟ್ಟನ್ನು ಅಚ್ಚು ಹಾಕಿ, ಇದು ವಾಷಿಂಗ್ಟನ್ನಿನಲ್ಲಿ ಹಳೆಯ, ಎಲ್ಲರ ಬಾಯಲ್ಲಿರುವ ಮಾತು, ಸದಸ್ಯರೊಬ್ಬರು ಉದ್ದುದ್ದ ಅರ್ಥವಿಲ್ಲದ ಭಾಷಣ ಬಿಗಿಯುವಾಗ ಹೀಗನ್ನುತ್ತಾರೆ ಎಂದು ವಿವರಿಸಿತು. ಘಟನೆಗೂ ಅಚ್ಚಿಗೂ ನಡುವೆ ಎಂಟೇ ವರ್ಷ. ಸ್ಥಳ ಹೊಂದುತ್ತದೆ, ವಿಷಯ ಹೊಂದುತ್ತದೆ, ಕಾಲವೂ ಹೊಂದುತ್ತದೆ. ಆಡುಮಾತಿನ ಪದಗಳಲ್ಲಿ ಇಷ್ಟು ಗಟ್ಟಿ ಜಾತಕ ಇರುವಂಥವು ಕಡಿಮೆ. ವಾಕರ್ ತೀರಿಕೊಂಡದ್ದೂ ಅದೇ 1828ರಲ್ಲಿ, ಮಿಸಿಸಿಪ್ಪಿಯ ಕ್ಲಿಂಟನ್ನಿನಲ್ಲಿ.

ಕೌಂಟಿಗೆ ಆ ಹೆಸರು ಬಂದದ್ದು ಯಾರಿಂದ?

ಕರ್ನಲ್ ಎಡ್ವರ್ಡ್ ಬಂಕಂನಿಂದ. ವೆಸ್ಟ್ ಇಂಡೀಸಿನ ಸೇಂಟ್ ಕಿಟ್ಸ್ ದ್ವೀಪದಲ್ಲಿ ಹುಟ್ಟಿ ನಾರ್ತ್ ಕೆರೊಲಿನಾಕ್ಕೆ ಬಂದು ನೆಲೆಸಿದವನು. ಅತಿಥಿಸತ್ಕಾರಕ್ಕೆ ಹೆಸರಾದ ಮನೆ ಅವನದು. ‘ಬಂಕಂ ಹಾಲ್‌ಗೆ ಎಲ್ಲರಿಗೂ ಸ್ವಾಗತ’ ಎಂಬ ಪ್ರಾಸದ ಸಾಲು ಬಾಗಿಲಿನಲ್ಲೇ ಇತ್ತಂತೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1777ರ ಅಕ್ಟೋಬರಿನ ಜರ್ಮನ್‌ಟೌನ್ ಕಾಳಗದಲ್ಲಿ ಗಾಯಗೊಂಡು ಸೆರೆಸಿಕ್ಕ. ಮರುವರ್ಷ ಫಿಲಡೆಲ್ಫಿಯಾದಲ್ಲಿ ಸತ್ತ. ದೇಶಕ್ಕಾಗಿ ಪ್ರಾಣ ಕೊಟ್ಟವನ ಹೆಸರು ಕೊನೆಗೆ ಬುರುಡೆ ಮಾತಿಗೆ ಹೆಸರಾಯಿತು.

ಕಾಗುಣಿತ ಯಾಕೆ ಎರಡು ಥರ? ಉಚ್ಚಾರ ಹೇಗೆ?

ಕೌಂಟಿಯ ಹೆಸರಿನ ಕಾಗುಣಿತ ಬಿ-ಯು-ಎನ್-ಸಿ-ಓ-ಎಂ-ಬಿ-ಇ. ನೋಡಿದವರು ‘ಬನ್‌ಕೋಂಬ್’ ಎಂದು ಓದಿಬಿಡುತ್ತಾರೆ. ಇಂಗ್ಲೆಂಡಿನ ಊರುಗಳ ಹೆಸರಿನ ಕೊನೆಯಲ್ಲಿ ಬರುವ, ಕಣಿವೆ ಎಂಬರ್ಥದ ‘ಕೂಮ್’ ಪದವೇ ಇಲ್ಲಿರುವುದು. ಅದರಲ್ಲಿ ಕೊನೆಯ ‘ಬಿ’ ಉಚ್ಚಾರಕ್ಕಿಲ್ಲ. ಒತ್ತಿಲ್ಲದ ಕಡೆ ಅದು ‘ಕಮ್’ ಎಂದು ಸವೆಯುತ್ತದೆ. ಪದ ಬಾಯಿಂದ ಬಾಯಿಗೆ ಹರಡುವಾಗ ಜನ ಕಿವಿಗೆ ಕೇಳಿದ ಹಾಗೆ ಬಿ-ಯು-ಎನ್-ಕೆ-ಯು-ಎಂ ಎಂದು ಬರೆದರು. ಇಂದು ಇದೇ ಹೆಚ್ಚು ಬಳಕೆಯಲ್ಲಿದೆ. ಅಮೆರಿಕದ ಪತ್ರಕರ್ತ ಎಚ್. ಎಲ್. ಮೆಂಕನ್ ಮಾತ್ರ ಹಳೆಯ ಕಾಗುಣಿತವನ್ನೇ ಪ್ರೀತಿಯಿಂದ ಬಳಸುತ್ತಿದ್ದ.

ಕನ್ನಡದಲ್ಲಿ ‘ಬಂಕಂ’ ಎಂದು ಬರೆದರೆ ಉಚ್ಚಾರ ಕೆಡುವುದೇ ಇಲ್ಲ. ಮೊದಲ ಸೊನ್ನೆ ‘ಅಂಕ’ದಲ್ಲಿರುವಂತೆ ಕಂಠದ ಅನುನಾಸಿಕ, ಎರಡನೆಯದು ‘ಮ್’. ಎರಡೂ ಇಂಗ್ಲಿಷಿನ ಉಚ್ಚಾರಕ್ಕೆ ಸರಿಯಾಗಿ ಕೂರುತ್ತವೆ.

‘ಬಂಕ್’ ಎಂಬ ಮೊಟಕು ರೂಪ ಯಾವಾಗಿನದು? ಹೆನ್ರಿ ಫೋರ್ಡ್ ಹೇಳಿದ್ದು ಇದನ್ನೇ ತಾನೆ?

1900ರ ಹೊತ್ತಿನಿಂದ ಸಿಗುತ್ತದೆ. ಅದಕ್ಕೆ ಲೋಕಪ್ರಸಿದ್ಧಿ ತಂದದ್ದು ಫೋರ್ಡ್ ಎಂಬುದೂ ಸರಿ. ಆದರೆ ‘ಇತಿಹಾಸವೆಲ್ಲ ಬಂಕ್’ ಎಂದು ಅವನ ಬಾಯಿಗೆ ತುರುಕುವ ಮಾತು ಪೂರ್ತಿ ಸರಿಯಲ್ಲ. 1916ರ ಮೇ 25ರ ‘ಶಿಕಾಗೊ ಟ್ರಿಬ್ಯೂನ್’ ಸಂದರ್ಶನದಲ್ಲಿ ಬಂದದ್ದು ‘ಇತಿಹಾಸ ಹೆಚ್ಚುಕಡಿಮೆ ಬಂಕ್’ ಎಂದು. ಉಲ್ಲೇಖಿಸುವವರು ಆ ‘ಹೆಚ್ಚುಕಡಿಮೆ’ಯನ್ನು ನುಂಗಿಬಿಡುತ್ತಾರೆ.

ಅದೇ ವರ್ಷ ಅದೇ ಪತ್ರಿಕೆ ಒಂದು ಸಂಪಾದಕೀಯದಲ್ಲಿ ಫೋರ್ಡ್‌ನನ್ನು ಅರಾಜಕವಾದಿ ಎಂದು ಕರೆಯಿತು. ಅವನು ಮಾನನಷ್ಟ ಮೊಕದ್ದಮೆ ಹೂಡಿದ. 1919ರಲ್ಲಿ ಮಿಶಿಗನ್ನಿನ ಮೌಂಟ್ ಕ್ಲೆಮೆನ್ಸಿನಲ್ಲಿ ವಿಚಾರಣೆ ನಡೆದಾಗ ಎದುರು ಪಕ್ಷದ ವಕೀಲರು ಅವನ ಇತಿಹಾಸಜ್ಞಾನವನ್ನೇ ಕೆದಕಿದರು. ಅಮೆರಿಕದ ಕ್ರಾಂತಿ 1812ರಲ್ಲಿ ಆಯಿತೆಂದೂ, ಕುಖ್ಯಾತ ದ್ರೋಹಿ ಬೆನೆಡಿಕ್ಟ್ ಆರ್ನಲ್ಡ್ ಒಬ್ಬ ಬರಹಗಾರ ಇರಬೇಕೆಂದೂ ಉತ್ತರ ಬಂತು. ಮೊಕದ್ದಮೆ ಫೋರ್ಡ್ ಗೆದ್ದ. ಸಿಕ್ಕ ಪರಿಹಾರ ಆರು ಸೆಂಟ್. ಇತಿಹಾಸವನ್ನು ಬಂಕ್ ಎಂದ ಅದೇ ಮನುಷ್ಯ 1929ರಲ್ಲಿ ಡಿಯರ್‌ಬಾರ್ನ್‌ನಲ್ಲಿ ಹಳೆಯ ಮನೆ, ಕಾರ್ಖಾನೆ, ಯಂತ್ರಗಳನ್ನು ಕೂಡಿಹಾಕಿ ದೊಡ್ಡ ವಸ್ತುಸಂಗ್ರಹಾಲಯ ತೆರೆದ.

‘ಡಿಬಂಕ್’ ಹಳೆಯ ಪದವೇ?

ಅಲ್ಲ. 1923ರದು. ವಿಲಿಯಂ ಇ. ವುಡ್‌ವರ್ಡ್ ಎಂಬ ಅಮೆರಿಕನ್ ಲೇಖಕ ತನ್ನ ಕಾದಂಬರಿ ‘ಬಂಕ್’ನಲ್ಲಿ ಟಂಕಿಸಿದ ಪದ. ಒಂದರೊಳಗಿಂದ ಬಂಕನ್ನು ಕಿತ್ತು ತೆಗೆಯುವುದು ಎಂಬ ಅರ್ಥ. ಬ್ರಿಟನ್ನಿನ ಭಾಷಾಶುದ್ಧಿಯವರಿಗೆ ಇದು ಮೊದಮೊದಲು ಹಿಡಿಸಲಿಲ್ಲ. ಈಗ ಅದಿಲ್ಲದೆ ಫ್ಯಾಕ್ಟ್‌ಚೆಕ್ ವರದಿಯೇ ಇಲ್ಲ. ಸುಳ್ಳು ಹರಡುವ ಮೊದಲೇ ಅದರ ತಂತ್ರವನ್ನು ಜನರಿಗೆ ತಿಳಿಸಿ ಎಚ್ಚರಿಸುವುದಕ್ಕೆ ‘ಪ್ರಿಬಂಕ್’ ಎಂಬ ಮರಿಯೂ ಹುಟ್ಟಿದೆ.

ಬಳಸುವಾಗ ಒಂದು ಎಚ್ಚರ: ಡಿಬಂಕ್ ಮಾಡುವುದು ಸುಳ್ಳನ್ನು, ನಂಬಿಕೆಯನ್ನು, ವಾದವನ್ನು. ‘ಅಲ್ಲಗಳೆದರು’ ಎನ್ನುವಲ್ಲೆಲ್ಲ ಡಿಬಂಕ್ ಹಾಕುವಂತಿಲ್ಲ. ಮಂತ್ರಿಗಳು ಆರೋಪವನ್ನು ಅಲ್ಲಗಳೆದರೆ ಅದು ನಿರಾಕರಣೆಯಷ್ಟೇ. ಪುರಾವೆ ಇಟ್ಟು ಸುಳ್ಳೆಂದು ತೋರಿಸಿದರೆ ಮಾತ್ರ ಡಿಬಂಕ್.

ನಾವು ಹೊಡೆಯುವ ‘ಕ್ಲಾಸ್ ಬಂಕ್’, ನಮ್ಮ ‘ಪೆಟ್ರೋಲ್ ಬಂಕ್’, ರೈಲಿನ ‘ಬಂಕ್’? ಎಲ್ಲ ಒಂದೇ ಮನೆಯವೇ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ: ಯಾವುದೂ ಬಂಕಂ ಮನೆಯದಲ್ಲ. ಕಾಗುಣಿತ ಒಂದೇ, ಮನೆತನ ಬೇರೆ.

ಮಲಗುವ ಬಂಕ್ ಎಲ್ಲಕ್ಕಿಂತ ಹಿರಿಯ. 18ನೇ ಶತಮಾನದ ನಡುವೆ, ಹಡಗಿನಲ್ಲಿ ಗೋಡೆಗೆ ಹೊಂದಿಸಿ ಕಟ್ಟಿದ ಹಲಗೆ ಮಂಚಕ್ಕೆ ಬಂದ ಹೆಸರು. ಪೆಟ್ಟಿಗೆಯಂಥ ಬೆಂಚು ಎಂಬರ್ಥದ ಸ್ಕಾಟ್ಲೆಂಡಿನ ‘ಬಂಕರ್’ ಮೊಟಕಾಗಿ ಇದಾಯಿತೆಂದು ನಿಘಂಟುಗಳು ಹೇಳುತ್ತವೆ. ವಾಕರ್ ಸದನದಲ್ಲಿ ಎದ್ದು ನಿಲ್ಲುವ ಹೊತ್ತಿಗೆ ಈ ಬಂಕಿಗೆ ಅರ್ಧ ಶತಮಾನಕ್ಕೂ ಹೆಚ್ಚು ವಯಸ್ಸಾಗಿತ್ತು.

ಪೆಟ್ರೋಲ್ ಬಂಕ್ ದಕ್ಷಿಣ ಭಾರತದ ಇಂಗ್ಲಿಷಿನ ಸೊತ್ತು. ಉತ್ತರಕ್ಕೆ ಹೋದರೆ ‘ಪೆಟ್ರೋಲ್ ಪಂಪ್’ ಅನ್ನಬೇಕು, ಅಮೆರಿಕದಲ್ಲಿ ‘ಪೆಟ್ರೋಲ್ ಬಂಕ್ ಎಲ್ಲಿದೆ’ ಎಂದರೆ ಕೇಳಿದವರು ಪಿಳಿಪಿಳಿ ನೋಡುತ್ತಾರೆ. ಅದೇ ‘ಬಂಕರ್’ ಪದ 19ನೇ ಶತಮಾನದಲ್ಲಿ ಹಡಗಿನ ಕಲ್ಲಿದ್ದಲು ತುಂಬುವ ಕೋಣೆಗೆ ಹೆಸರಾಗಿ, ಇಂದಿಗೂ ಹಡಗಿಗೆ ಇಂಧನ ತುಂಬುವುದಕ್ಕೆ ‘ಬಂಕರಿಂಗ್’ ಎನ್ನುತ್ತಾರೆ. ಇಂಧನ ಕೂಡಿಡುವ ಜಾಗ ಎಂಬ ಈ ಅರ್ಥದಿಂದ ನಮ್ಮ ಬಂಕ್ ಬಂತೆಂಬ ವಿವರಣೆ ಹೊಂದಿಕೆಯಾಗುತ್ತದೆ. ತೆಲುಗು ನಾಡಿನಲ್ಲಿ ಪಾನ್ ಮಾರುವ ಡಬ್ಬಿಯಂಗಡಿಗೂ ‘ಬಂಕು’ ಅನ್ನುವುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲೂ ಪೆಟ್ಟಿಗೆಯ ಆಕಾರವೇ.

ಕ್ಲಾಸಿಗೆ ಹೊಡೆಯುವ ಬಂಕ್ 19ನೇ ಶತಮಾನದ ಬ್ರಿಟಿಷ್ ಆಡುಮಾತು, ಓಡಿಹೋಗು, ಕಂಬಿ ಕೀಳು ಎಂಬ ಅರ್ಥದ್ದು. ಬ್ರಿಟನ್ನಿನ ಹುಡುಗರು ‘ಬಂಕ್ ಆಫ್’ ಅನ್ನುತ್ತಾರೆ, ನಾವು ‘ಆಫ್’ ಬಿಟ್ಟು ‘ಹೊಡೆ’ ಸೇರಿಸಿದ್ದೇವೆ. ಹಾಗೆ ನೋಡಿದರೆ ‘ಚಕ್ಕರ್ ಹೊಡೆ’ ಎಂಬುದು ಮೊದಲೇ ಇತ್ತು, ಬಂಕ್ ಅದರ ಜಾಗಕ್ಕೆ ಬಂದು ಕೂತಿತು. ಇಂಗ್ಲಿಷಿನ ಯಾವ ನಾಮಪದ ಬಂದರೂ ‘ಹೊಡೆ’ ಹಚ್ಚಿ ಕ್ರಿಯಾಪದ ಮಾಡಿಕೊಳ್ಳುವ ಕನ್ನಡದ ಜಾಣತನಕ್ಕೆ ಇದೂ ಒಂದು ಸಾಕ್ಷಿ.

‘ಬಂಕೊ’ ಎಂಬ ವಂಚನೆಯ ಆಟ?

ಅದೂ ಬೇರೆ. 1870ರ ದಶಕದ ಅಮೆರಿಕದಲ್ಲಿ ಕಾಣಿಸಿಕೊಂಡ ಪದ, ಸ್ಪ್ಯಾನಿಷಿನ ಇಸ್ಪೀಟು ಆಟವೊಂದರ ಹೆಸರಿನ ಕಡೆಯಿಂದ ಬಂದಿರಬೇಕೆಂದು ನಿಘಂಟುಗಳ ಅಭಿಪ್ರಾಯ. ಮೋಸ, ಬುರುಡೆ ಎರಡೂ ಅಕ್ಕಪಕ್ಕದ ಅರ್ಥಗಳಾದ್ದರಿಂದ ಗೊಂದಲ ಸಹಜ.

ಬಂಕಿಮಚಂದ್ರ, ಬಂಕಾಪುರ?

ಖಂಡಿತ ಇಲ್ಲ. ‘ಬಂಕಿಮ’ ಸಂಸ್ಕೃತ ಮೂಲದ್ದು, ಬಾಗಿದ, ಕೊಂಕಾದ ಎಂಬ ಅರ್ಥ. ತೋಳಿಗೆ ಹಾಕುವ ವಂಕಿ ಇದರ ನೆಂಟ. ಹಾವೇರಿ ಜಿಲ್ಲೆಯ ಬಂಕಾಪುರ ರಾಷ್ಟ್ರಕೂಟ ಅಮೋಘವರ್ಷನ ಸಾಮಂತ ಬಂಕೇಯನ ಹೆಸರಿನ ಊರು, ಬಂಕಂ ಕೌಂಟಿಗಿಂತ ಒಂಬೈನೂರು ವರ್ಷ ಹಿರಿದು. ಧ್ವನಿ ಹೋಲುತ್ತದೆ ಎಂಬ ಒಂದೇ ಕಾರಣಕ್ಕೆ ನೆಂಟಸ್ತಿಕೆ ಕಟ್ಟುವುದಕ್ಕೂ ‘ಬಂಕಂ’ ಎಂಬ ಪದವೇ ಸರಿಹೊಂದುತ್ತದೆ.

ಗೋಲಿ ಸೋಡಾದಿಂದಲೂ ಇಂಥ ಒಂದು ಪದ ಹುಟ್ಟಿದೆ ಅನ್ನುತ್ತಾರಲ್ಲ?

‘ಕಾಡ್ಸ್‌ವಾಲಪ್’ ಎಂಬ ಬ್ರಿಟಿಷ್ ಪದದ ಕಥೆ ಅದು. ಅರ್ಥ ಅದೇ, ಬುರುಡೆ. ಕಥೆ ಹೀಗೆ: ಹೈರಮ್ ಕಾಡ್ ಎಂಬ ಇಂಗ್ಲಿಷಿನವ 1870ರ ದಶಕದ ಆರಂಭದಲ್ಲಿ ಕತ್ತಿನೊಳಗೆ ಗಾಜಿನ ಗೋಲಿ ಇರುವ ಸೋಡಾ ಬಾಟಲಿಗೆ ಪೇಟೆಂಟ್ ಪಡೆದ. ನಮ್ಮ ಗೋಲಿ ಸೋಡಾ ಬಾಟಲಿ ಅದೇ. ‘ವಾಲಪ್’ ಅಂದರೆ ಆಡುಮಾತಿನಲ್ಲಿ ಬಿಯರ್. ಬಿಯರ್ ಕುಡಿಯುವವರು ಸೋಡಾವನ್ನು ‘ಕಾಡ್‌ನ ಬಿಯರ್’ ಎಂದು ಗೇಲಿ ಮಾಡಿದರು, ಅದೇ ಕಾಡ್ಸ್‌ವಾಲಪ್ ಆಯಿತು.

ಕೇಳಲು ಚೆಂದ. ಬಾಟಲಿಯ ಭಾಗ ಪೂರ್ತಿ ನಿಜ. ಪದದ ಭಾಗ ನಿಲ್ಲುವುದಿಲ್ಲ, ಏಕೆಂದರೆ ಕಾಡ್ಸ್‌ವಾಲಪ್ ಬರಹದಲ್ಲಿ ಮೊದಲು ಸಿಗುವುದು 1959ರಲ್ಲಿ. ಎಂಬತ್ತಕ್ಕೂ ಹೆಚ್ಚು ವರ್ಷ ಯಾವ ಪತ್ರಿಕೆ, ಪತ್ರ, ಕಾದಂಬರಿಯಲ್ಲೂ ಸುಳಿವು ಬಿಡದೆ ಒಂದು ಗೇಲಿಮಾತು ಬದುಕಿತ್ತು ಎಂದು ನಂಬಬೇಕಾಗುತ್ತದೆ. ಬಂಕಂ ಕಥೆಯಲ್ಲಿ ಈ ಅಂತರ ಎಂಟು ವರ್ಷ. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡುವುದು ಈ ಕಾರಣಕ್ಕೆ.

ಭಾರತದ ಊರಿನ ಹೆಸರೂ ಹೀಗೆ ಇಂಗ್ಲಿಷಿನ ಹುಚ್ಚಾಟದ ಪದವಾಗಿದೆಯೇ?

ಆಗಿದೆ. ‘ಡೂಲ್ಯಾಲಿ’ ಅಂದರೆ ತಲೆಕೆಟ್ಟ. ಮೂಲ ಮಹಾರಾಷ್ಟ್ರದ ನಾಸಿಕ್ ಹತ್ತಿರದ ದೇವಳಾಲಿ. ಅವಧಿ ಮುಗಿದ ಬ್ರಿಟಿಷ್ ಸೈನಿಕರು ಮುಂಬಯಿಯ ಹಡಗಿಗಾಗಿ ಅಲ್ಲಿನ ಶಿಬಿರದಲ್ಲಿ ಕಾಯುತ್ತಿದ್ದರು. ಸೇನೆಯ ಹಡಗುಗಳು ಚಳಿಗಾಲದ ತಿಂಗಳುಗಳಲ್ಲಿ ಮಾತ್ರ ಹೊರಡುತ್ತಿದ್ದುದರಿಂದ ಹಡಗು ತಪ್ಪಿದವನು ಮುಂದಿನ ಋತುವಿನ ತನಕ ಕೂತಿರಬೇಕು. ಸೆಕೆ, ಬೇಸರ, ಕೆಲಸವಿಲ್ಲದ ದಿನಗಳು. ಆ ಸ್ಥಿತಿಗೆ ಅವರಿಟ್ಟ ಪೂರ್ತಿ ಹೆಸರು ‘ಡೂಲ್ಯಾಲಿ ಟ್ಯಾಪ್’. ಆ ‘ಟ್ಯಾಪ್’ ಅಂದರೆ ನೀರಿನ ನಲ್ಲಿಯಲ್ಲ, ಜ್ವರ ಎಂಬರ್ಥದ ‘ತಾಪ್’. ನಮ್ಮ ‘ತಾಪ’ವನ್ನು ನೆನೆದರೆ ಕನ್ನಡಿಗರಿಗೆ ಇದು ಬೇಗ ಹೊಳೆಯುತ್ತದೆ, ಇಂಗ್ಲಿಷಿನವರಿಗೆ ಹೊಳೆಯುವುದಿಲ್ಲ.

ಹುಚ್ಚಾಟದ ಅರ್ಥವಲ್ಲದಿದ್ದರೂ ನಮ್ಮ ಬೆಂಗಳೂರಿಗೂ ಈ ಗತಿ ಬಂದಿತ್ತು. 2000ರ ದಶಕದಲ್ಲಿ ಹೊರಗುತ್ತಿಗೆಯಿಂದ ಕೆಲಸ ಕಳೆದುಕೊಂಡ ಅಮೆರಿಕನ್ನರು ‘ಬ್ಯಾಂಗಲೋರ್ಡ್’ ಆದೆವು ಅನ್ನುತ್ತಿದ್ದರು.

ಇಂಥ ಪದಮೂಲದ ಕಥೆಗಳನ್ನು ನಾವೇ ಪರೀಕ್ಷಿಸುವುದು ಹೇಗೆ?

ಮೊದಲು ದಿನಾಂಕ. ಕಥೆ ಹೇಳುವ ಘಟನೆ ಯಾವ ವರ್ಷದ್ದು, ಪದ ಅಚ್ಚಿನಲ್ಲಿ ಮೊದಲು ಸಿಗುವುದು ಯಾವ ವರ್ಷ, ಇವೆರಡನ್ನು ಬರೆದುಕೊಳ್ಳಿ. ಪದವೇ ಘಟನೆಗಿಂತ ಹಿಂದಿನದಾದರೆ ಕಥೆ ಅಲ್ಲಿಗೇ ಮುಗಿಯಿತು. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟು ಪ್ರತಿ ಅರ್ಥಕ್ಕೂ ವರ್ಷಸಹಿತ ಉದಾಹರಣೆ ಕೊಡುತ್ತದೆ. ಒಂದೇ ರೂಪದ ಪದಗಳಿಗೆ ಬೇರೆಬೇರೆ ಸಂಖ್ಯೆ ಹಾಕಿ ನಮೂದು ಮಾಡಿರುತ್ತಾರೆ. ಬಂಕ್‌ಗೆ ಹಲವು ನಮೂದುಗಳಿವೆ. ಮೊದಲನೆಯದನ್ನಷ್ಟೇ ಓದಿ ಮುಚ್ಚಿದರೆ ಮಂಚದ ಇತಿಹಾಸ ಬುರುಡೆಗೆ ಅಂಟಿಕೊಳ್ಳುತ್ತದೆ.

ಆಮೇಲೆ ಮೂಲ ದಾಖಲೆ. 1820ರ ಕಲಾಪ ‘ಆನಲ್ಸ್ ಆಫ್ ಕಾಂಗ್ರೆಸ್’ ಸಂಪುಟಗಳಲ್ಲಿದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅವನ್ನು ಉಚಿತವಾಗಿ ತೆರೆದಿಟ್ಟಿದೆ. 16ನೇ ಕಾಂಗ್ರೆಸ್, ಮೊದಲ ಅಧಿವೇಶನ, ಫೆಬ್ರುವರಿ 25 ಎಂದು ಹುಡುಕಿ. ಹಳೆಯ ಪತ್ರಿಕೆಗಳಿಗೆ ಅದೇ ಗ್ರಂಥಾಲಯದ ‘ಕ್ರಾನಿಕ್ಲಿಂಗ್ ಅಮೆರಿಕ’ ಇದೆ.

ಗೂಗಲ್ ಬುಕ್ಸ್ ಬಳಸುವಾಗ ಕಾಲು ಜಾರುವ ಜಾಗಗಳು ಹಲವು. ಪತ್ರಿಕೆಯ ಎಲ್ಲ ಸಂಪುಟಗಳಿಗೂ ಕೆಲವೊಮ್ಮೆ ಅದು ಶುರುವಾದ ವರ್ಷವನ್ನೇ ಹಚ್ಚಿರುತ್ತಾರೆ. 1890ರ ಸಂಚಿಕೆ 1815ರದೆಂದು ತೋರುತ್ತದೆ. ಆದ್ದರಿಂದ ಪುಟದ ಚಿತ್ರ ತೆರೆದು ದಿನಾಂಕ ಕಣ್ಣಾರೆ ನೋಡದೆ ನಂಬಬಾರದು. ಸ್ಕ್ಯಾನ್ ಮಾಡಿದ ಅಕ್ಷರಗಳನ್ನು ಯಂತ್ರ ತಪ್ಪಾಗಿ ಓದುವುದೂ ಉಂಟು. ಪದಬಳಕೆಯ ಗ್ರಾಫ್ ತೋರಿಸುವ ಎನ್‌ಗ್ರಾಮ್‌ನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆಬೇರೆ ಲೆಕ್ಕ. ಹಳೆಯ ಕಾಗುಣಿತವನ್ನು ದೊಡ್ಡಕ್ಷರದಿಂದ ಹುಡುಕಿದರೆ ಕೌಂಟಿಯ ಭೂದಾಖಲೆಗಳೆಲ್ಲ ಸೇರಿಕೊಂಡು ಗ್ರಾಫ್ ಸುಳ್ಳು ಹೇಳುತ್ತದೆ. ಎರಡು ಕಾಗುಣಿತಗಳನ್ನೂ ಸಣ್ಣಕ್ಷರದಲ್ಲಿ ಹುಡುಕುವುದು ವಾಸಿ.

ಇಂಗ್ಲಿಷಿನಲ್ಲಿ ಬರೆಯುವಾಗ ಏನು ತಪ್ಪುತ್ತದೆ?

ಬಂಕಂ ಎಣಿಸಲಾಗದ ನಾಮಪದ, ‘ನೀರು’ ‘ಕಸ’ ಇದ್ದಂತೆ. ‘ಒಂದು ಬಂಕಂ’, ‘ಎರಡು ಬಂಕಂಗಳು’ ಎಂದು ಬರೆಯಬಾರದು. ಮಾತು ಬಂಕಂ ಆಗಬಹುದು, ಮನುಷ್ಯ ಆಗುವುದಿಲ್ಲ. ಅಶ್ಲೀಲವಲ್ಲ, ಪತ್ರಿಕೆಯ ಸಂಪಾದಕೀಯದಲ್ಲೂ ನಡೆಯುತ್ತದೆ. ಆದರೆ ಇಂದಿನ ಕಿವಿಗೆ ತುಸು ಹಳೆಗಾಲದ್ದು, ಹರೆಯದವರ ಬಾಯಲ್ಲಿ ಕೃತಕವಾಗಿ ಕೇಳಬಹುದು.

ಕನ್ನಡಕ್ಕೆ ತರುವಾಗ ಯಾವ ಪದ ಹಾಕಬೇಕು?

ಸಂದರ್ಭ ನೋಡಿ. ಸುಳ್ಳಿನ ವಾಸನೆ ಹೆಚ್ಚಿದ್ದರೆ ‘ಬುರುಡೆ’ ಅಥವಾ ‘ಓಳು’. ಬಡಾಯಿ ಸೇರಿದ್ದರೆ ‘ಬೊಗಳೆ’. ಆದರೆ ‘ಬೊಗಳು’ ಎಂಬ ಬಯ್ಗುಳದ ನೆರಳು ಇದರ ಮೇಲಿರುವುದರಿಂದ ಮೂಲಕ್ಕಿಂತ ಖಾರ ಹೆಚ್ಚುತ್ತದೆ. ಕೇಳಿದ್ದನ್ನು ಪೋಣಿಸಿ ಹೇಳುವ ಕಥೆಗೆ ‘ಅಂತೆಕಂತೆ’. ವೈದ್ಯ, ವಿಜ್ಞಾನದ ಹೆಸರಿನ ಸುಳ್ಳಿಗೆ ‘ಡೋಂಗಿ’ ಹೊಂದುತ್ತದೆ.

ಹಳೆಯ, ಭಾಷಣದ ಅರ್ಥಕ್ಕೆ ಮಾತ್ರ ಇವು ಯಾವುವೂ ಸಾಲವು. ಅಲ್ಲಿ ಮಾತು ಸುಳ್ಳಾಗಿರಬೇಕಿಲ್ಲ, ಕಾಳಿಲ್ಲದಿದ್ದರೆ ಸಾಕು. ತೂರಿದರೆ ಗಾಳಿಗೆ ಹಾರುವ ‘ಜೊಳ್ಳು’ ಇದಕ್ಕೆ ಹತ್ತಿರ. ‘ಜೊಳ್ಳು ಭಾಷಣ’ ಎಂದರೆ ವಾಕರ್ ಮಾಡಲು ಹೊರಟದ್ದು ಅರ್ಥವಾಗುತ್ತದೆ, ಆದರೆ ಊರಿನವರ ಕಿವಿಗಾಗಿ ಎಂಬ ಕೊಂಕು ಬಿಟ್ಟುಹೋಗುತ್ತದೆ. ಅದು ಬೇಕೇ ಬೇಕಾದಲ್ಲಿ ‘ಕ್ಷೇತ್ರಕ್ಕಾಗಿ ಆಡಿದ ಜೊಳ್ಳು’ ಎಂದು ಬಿಡಿಸಿ ಬರೆಯಿರಿ. ‘ಡಿಬಂಕ್’ಗೆ ‘ಬಯಲಿಗೆಳೆ’ ಸಾಕು. ಶೀರ್ಷಿಕೆಯಲ್ಲಿ ಜಾಗ ಕಡಿಮೆ ಇದ್ದರೆ ‘ಬುರುಡೆ ಬಯಲು’ ಎರಡೇ ಪದದಲ್ಲಿ ಮುಗಿಯುತ್ತದೆ.